ಕ್ಯಾಸೆಟ್ಟಿನೊಳಗಿನ ಚಂದ್ರ

ತಾಪತ್ರಯಕ್ಕೆಲ್ಲ ಮೂಲ ಅಂಗೈಯಗಲದ ಒಂದು ಕ್ಯಾಸೆಟ್. ಕನ್ನಡಕದಂಗಡಿಯ ಗುಮಾಸ್ತ ಹಳೇ ಸಾಮಾನಿನ ಸಂತೆಯಲ್ಲಿ ಪುರಾತನ ಕಂಪ್ಯೂಟರೊಂದನ್ನು ಕೊಂಡಾಗ ಅದರ ಚೀಲದ ತಳದಲ್ಲಿ ಸಿಕ್ಕಿದ್ದು. ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಪ್ರಾಣವಿರುವಂತೆ ಆಟದ ಪ್ರಾಣ ಆ ಕ್ಯಾಸೆಟ್ಟಿನೊಳಗಿತ್ತು. ಟೇಪ್‌ರೆಕಾರ್ಡರಿಗೆ ಹಾಕಿದರೆ ಅದು ಹಾಡುವುದಿಲ್ಲ, ಕಿರುಚುತ್ತದೆ. ಆ ಕಿರುಚಾಟವನ್ನು ಕಂಪ್ಯೂಟರು ಕೊನೆತನಕ ಕೇಳಿಸಿಕೊಂಡರೆ ಆಟ ಪರದೆಯ ಮೇಲೆ ಎದ್ದು ಕೂರುತ್ತದೆ. ನಡುವೆ ಒಂದು ಚೂರು ತಪ್ಪಿದರೂ ಮತ್ತೆ ಮೊದಲಿನಿಂದ.

ಗುಮಾಸ್ತನ ಕಪಾಟಿನಲ್ಲಿ ಇಂಥ ಹಳೇ ಯಂತ್ರಗಳು ಕಿಕ್ಕಿರಿದಿದ್ದವು. ಡಬ್ಬದಂಥ ಟೀವಿಯೊಂದನ್ನು ಬಿಟ್ಟರೆ ಯಾವುದಕ್ಕೂ ಜೀವವಿರಲಿಲ್ಲ. ಅವನೋ, ನಿದ್ದೆಹೋದ ರಾಜಕುಮಾರಿಯರನ್ನು ಕಾಯುವವನಂತೆ ಒಂದೊಂದನ್ನೂ ಒರೆಸಿ ಇಡುತ್ತಿದ್ದ.

ಅಂದು ರಜೆ. ಅವರ ಜೊತೆಗೇ ವಾಸವಿದ್ದ ಅತ್ತೆ ಹೊಸದಾಗಿ ಬಂದ ಈ ಯಂತ್ರವನ್ನು ಕಂಡದ್ದೇ ತಡ, ಭೂತ ಕಂಡವರಂತೆ ಮುಖ ತಿರುಗಿಸಿ ಅಡುಗೆಮನೆ ಸೇರಿದರು. ಅದು ಈ ಮನೆಯಲ್ಲಿದ್ದರೆ ತಾವಿರುವುದಿಲ್ಲ ಎಂದರು. ಹೆಂಡತಿ ನಡುವೆ ಬಂದು ರಾಜಿ ಮಾಡಿಸಿದಳು.

"ನೋಡ್ರೀ, ಸಂಜೆ ಗುಜರಿಯವನು ಬರ್ತಾನೆ. ಅಷ್ಟರಲ್ಲಿ ಇದು ನಡೆದ್ರೆ ಕಪಾಟು ಪೂರ್ತಿ ನಿಮ್ದು. ನಡೀಲಿಲ್ವೋ, ಪೂರ್ತಿ ಅವನ್ದು."

ಗುಮಾಸ್ತ ಕಂಪ್ಯೂಟರಿಗೆ ಟೀವಿಯನ್ನೂ ಮನೆಯ ಟೇಪ್‌ರೆಕಾರ್ಡರನ್ನೂ ಜೋಡಿಸಿ ಗುಂಡಿ ಒತ್ತಿದ. ಟೇಪು ಕಿರುಚತೊಡಗಿತು. ಎಲ್ಲ ಸುಸೂತ್ರವಾಗಿ ಸಾಗುತ್ತಿರುವಾಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಕೆಟ್ಟಿತು."

ಮರುಕ್ಷಣ ಪರದೆ ಬೆಳ್ಳಗಾಯಿತು. ಕೆಳಮನೆಯ ದರ್ಜಿ ಇಸ್ತ್ರಿಪೆಟ್ಟಿಗೆ ಹಾಕಿದ್ದ, ಕರೆಂಟು ಕುಸಿದಿತ್ತು. ಗುಮಾಸ್ತ ಓಡಿಹೋಗಿ ಕೈಮುಗಿದ. ಇಸ್ತ್ರಿ ಆರಿಸಿದ ದರ್ಜಿ, ಅಂಥದ್ದೇನಪ್ಪ ನೋಡೋಣ ಎಂದು ಅಳತೆಪಟ್ಟಿ ಕೊರಳಲ್ಲಿರುವಂತೆಯೇ ಮೇಲೆ ಬಂದ. ಕಿರುಚಾಟ ಕೇಳಿ ಜಗಳವೆಂದು ತಿಳಿದು ಮೇಲ್ಮನೆಯ ವಕೀಲರೂ ಇಳಿದು ಬಂದರು.

ಎರಡನೇ ಸಲ ವಕೀಲರು, ಟೇಪ್‌ರೆಕಾರ್ಡರು ಅಲುಗಾಡುತ್ತಿದೆಯೆಂದು ಅದರ ಮೇಲೆ ಭದ್ರವಾಗಿ ಕೈಯಿಟ್ಟರು. ಅಡುಗೆಮನೆಯಿಂದ "ಹೋಯ್ತು" ಎಂದಿತು ದನಿ. ಹೌದು, ಹೋಗಿತ್ತು. ಟೇಪು ಶಾವಿಗೆಯಂತೆ ಹೊರಗೆ ಚೆಲ್ಲಿಕೊಂಡಿತ್ತು.

"ಏನ್ರೀ, ನಿಮ್ಮತ್ತೇದು ಕರಿನಾಲಿಗೆನಾ?" ವಕೀಲರು ಪಿಸುಗುಟ್ಟಿದರು. ಗುಮಾಸ್ತ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡ. ಅದರ ತೂತಿಗೆ ಪೆನ್ಸಿಲು ತೂರಿಸಿ, ಎಳೆಮಗುವಿನ ಕೂದಲು ಬಾಚುವಂತೆ ಟೇಪು ಸುತ್ತಿದ. ಸುತ್ತಿ ಮುಗಿಸುವಾಗ ಗುಜರಿಯವನು ಖಾಲಿ ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಇನ್ನೊಂದೇ ಅವಕಾಶ. ಕರೆಂಟು ಮತ್ತೆ ಕುಸಿಯದಿರಲೆಂದು ಹೆಂಡತಿ ದೀಪ, ಫ್ಯಾನು ಎಲ್ಲ ಆರಿಸಿದಳು.

ಕತ್ತಲಲ್ಲಿ ಟೇಪು ದನಿಯೆತ್ತಿತು. ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಎದ್ದವು. ನೀಲಿ, ಹಳದಿ, ಕೆಂಪು, ಮತ್ತೆ ನೀಲಿ. ಯಾರೋ ಕಾಣದ ಮಗ್ಗದಲ್ಲಿ ಬೆಳಕನ್ನೇ ನೇಯುತ್ತಿದ್ದಂತಿತ್ತು. ದರ್ಜಿ ಬಾಯಿ ತೆರೆದವನು ಮುಚ್ಚಲಿಲ್ಲ. ವಕೀಲರು ಜೀವಮಾನದಲ್ಲಿ ಮೊದಲ ಸಲ ಸುಮ್ಮನಿದ್ದರು. ಆ ಕರ್ಕಶ ದನಿಯೂ ಈಗ ಬಲು ದೂರದ ನಕ್ಷತ್ರವೊಂದು ತನ್ನ ಕತೆಯನ್ನು ತನ್ನದೇ ನುಡಿಯಲ್ಲಿ ಹೇಳಿಕೊಳ್ಳುತ್ತಿರುವಂತೆ ಕೇಳಿಸಿತು.

ಗುಮಾಸ್ತನ ಕಣ್ಣು ಮಾತ್ರ ಅಡುಗೆಮನೆಯ ಕಡೆಗಿತ್ತು. ಅತ್ತೆ ಬಾಗಿಲಿಗೆ ಬಂದಿದ್ದರು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಪಾಪ, ತಮ್ಮ ನಾಲಿಗೆಯನ್ನು ತಾವೇ ಕಟ್ಟಿಹಾಕಿದ್ದಾರೆ ಎಂದುಕೊಂಡು ಅವನ ಮನಸ್ಸು ಕರಗಿತು.

ಕಿರುಚಾಟ ನಿಂತಿತು. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಚೌಕದ ಚೂರುಗಳಿಂದಾದ ಚಂದ್ರನೊಬ್ಬ ಮೂಡಿದ. ಕೆಳಗೆ ಒಂದು ಏಣಿ, ಏಣಿಯ ಬುಡದಲ್ಲಿ ಎಳ್ಳುಕಾಳಿನಷ್ಟು ಮನುಷ್ಯ. ಗುಜರಿಯವನು ತಲೆಯ ಮೇಲಿನ ಟೋಪಿ ತೆಗೆದ.

ಗುಮಾಸ್ತ ಬೆರಳನ್ನು ಕೀಲಿಮಣೆಯತ್ತ ಚಾಚಿದ.

"ಸ್ವಲ್ಪ ಸರೀರಿ, ಅಳಿಯಂದ್ರೇ."

ಅವನು ಸರಿಯುವ ಮೊದಲೇ ಅತ್ತೆ ಕುರ್ಚಿಯಲ್ಲಿದ್ದರು. ಬೆರಳುಗಳು ಕೀಲಿಗಳ ಮೇಲೆ ಮಲ್ಲಿಗೆ ಕಟ್ಟುವಂತೆ ಓಡಿದವು. ಎಳ್ಳುಕಾಳಿನ ಮನುಷ್ಯ ಮೋಡಗಳನ್ನು ತಪ್ಪಿಸುತ್ತ, ಮಿಂಚನ್ನು ಹಾರುತ್ತ ಸರಸರ ಏರಿದ.

"ಅಮ್ಮ, ನಿನಗಿದು ಗೊತ್ತಾ?" ಹೆಂಡತಿ ಕುರ್ಚಿಯ ಹತ್ತಿರ ಬಂದಳು.

"ಇದ್ರ ಚಟ ಬಿಡ್ಸೋಕೇ ನಿಮ್ಮಪ್ಪ ನಮ್ಮ ಕಂಪ್ಯೂಟ್ರು ಮಾರಿದ್ದು," ಅತ್ತೆ ಕಣ್ಣು ಕದಲಿಸಲಿಲ್ಲ. "ಆಡ್ತಾ ಆಡ್ತಾ ನಿನ್ನ ಶಾಲೆಯಿಂದ ಕರ್ಕೊಂಡ್ ಬರೋದೇ ಮರ್ತಿದ್ದೆ."

"ಅವತ್ತು ಬಸ್ಸು ಕೆಟ್ಟಿತ್ತು ಅಂದಿದ್ದೆ ನೀನು."

"ಟೇಪು ಕೆಟ್ಟಿತ್ತು. ಶಬ್ದ ಕೇಳಿದ್ರೆ ಸಾಕು, ಎಲ್ಲಿ ಕೆಡುತ್ತೆ ಅಂತ ನನಗೆ ಈಗ್ಲೂ ತಿಳಿಯುತ್ತೆ. ಚಟ ಮತ್ತೆ ಹಿಡಿಯುತ್ತೆ ಅಂತ್ಲೇ ಮನೆಗೆ ಬೇಡ ಅಂದಿದ್ದು. ಈಗ ಕೈ ನಿಲ್ಲಲ್ಲ. ಅಳಿಯಂದ್ರೇ, ಒಲೆ ಮೇಲೆ ಹಾಲಿದೆ, ನೋಡ್ಕೊಳ್ತೀರಾ?"

ಕಪಾಟು ಉಳಿಯಿತು. ಅತ್ತೆಯ ಬೆನ್ನಿಗೆ ಹೆಂಡತಿ, ಅವಳ ಹಿಂದೆ ದರ್ಜಿ, ವಕೀಲರು, ಕೊನೆಯಲ್ಲಿ ಗೋಣಿಚೀಲವನ್ನೇ ಹಾಸಿಕೊಂಡ ಗುಜರಿಯವನು, ಸರದಿಗೆ ಕೂತರು. ಗುಮಾಸ್ತ ಹಾಲಿನ ಮುಂದೆ ನಿಂತು, ಗೋಡೆಯಾಚೆಯ ಕೀರಲು ಸಂಗೀತಕ್ಕೆ ಕಿವಿಗೊಟ್ಟ. ಏಣಿ ಏರುವ ದನಿ, ಹಾರುವ ದನಿ, ಕಾಲು ಜಾರಲಿರುವ ದನಿ, ಒಂದೊಂದೂ ಬೇರೆಬೇರೆಯಾಗಿ ತಿಳಿಯತೊಡಗಿತು.

"ಹೋಯ್ತು," ಎಂದ, ತನಗರಿವಿಲ್ಲದೆ ಗಟ್ಟಿಯಾಗಿ.

ಆಚೆ ಕೋಣೆಯಲ್ಲಿ ವಕೀಲರು ಆಡಿಸುತ್ತಿದ್ದ ಎಳ್ಳುಕಾಳಿನ ಮನುಷ್ಯ ಏಣಿಯಿಂದ ಕೆಳಗೆ ಬಿದ್ದ.

"ನೋಡಿದ್ರಾ," ವಕೀಲರು ದರ್ಜಿಗೆ ಹೇಳುವುದು ಕೇಳಿಸಿತು, "ಅಳಿಯಂದೂ ಕರಿನಾಲಿಗೇನೇ. ಅವ್ನನ್ನ ಮಾತ್ರ ಈ ಕಡೆ ಬಿಡ್ಬೇಡಿ."