ಇಲಿ ಓದಿದ ನಿಘಂಟು

ಪದಗಳಿಗೆ ಅನ್ಯಾಯವಾಗಿದೆ ಎಂಬ ಕೊರಗು ಒಬ್ಬ ಮನುಷ್ಯನ ಊಟ-ನಿದ್ದೆ ಕೆಡಿಸಬಲ್ಲದೆ? ಪ್ರೂಫ್ ಸಾಹೇಬರದ್ದನ್ನು ಕೆಡಿಸಿತ್ತು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸವಾದ್ದರಿಂದ ಆ ಹೆಸರು. (ವಾಟರ್‌ಪ್ರೂಫ್ ಇರುವ ಹಾಗೆ ತನ್ನ ಗಂಡ ಬುದ್ಧಿಪ್ರೂಫ್, ಎಷ್ಟು ಹೇಳಿದರೂ ಒಳಗಿಳಿಯುವುದಿಲ್ಲ ಎಂಬುದು ಹೆಂಡತಿಯ ವ್ಯಾಖ್ಯಾನ.)

ಮುದ್ರಣಾಲಯದ ಅಟ್ಟ ಗುಡಿಸಿದಾಗ ಸಿಕ್ಕ, ತಲೆದಿಂಬಿನಷ್ಟು ದಪ್ಪದ ಹಳೇ ಇಂಗ್ಲಿಷ್ ನಿಘಂಟೇ ಇದಕ್ಕೆಲ್ಲ ಮೂಲ. 'ಎ'ಯಿಂದ 'ಎಸ್'ವರೆಗೆ ಪುಟಗಳಿದ್ದವು. 'ಟಿ'ಯಿಂದಾಚೆಗೆ ಇಲಿ ಓದಿ ಮುಗಿಸಿತ್ತು. ಇಲಿ ಬಿಟ್ಟಷ್ಟನ್ನು ಓದಿದ ಸಾಹೇಬರಿಗೆ ಜ್ಞಾನೋದಯವಾಯಿತು.

"ಮೂಲ ಅರ್ಥವೇ ನಿಜವಾದ ಅರ್ಥ ಕಣೇ, ಮಿಕ್ಕಿದ್ದೆಲ್ಲ ಅನರ್ಥ!" ಎಂದು ತಿಂಡಿಯ ಮೇಜು ಗುದ್ದಿದರು. "ಈ 'ನೈಸ್' ನೋಡು. ಒಂದು ಕಾಲದಲ್ಲಿ ನೈಸ್ ಅಂದ್ರೆ ಏನೂ ತಿಳಿಯದ ಪೆದ್ದ! ನಮ್ಮ ಧಣಿಗೆ ದಿನಾ ಬೆಳಗ್ಗೆ 'ಯು ಆರ್ ಎ ನೈಸ್ ಮ್ಯಾನ್' ಅಂತೀನಿ. ಪಾಪ, ಕೈ ಕುಲುಕ್ತಾರೆ."

"ಇದು ನಿಘಂಟಲ್ಲ ರೀ, ನನಗೆ ಬಿದ್ದ ಎರಡನೇ ಗಂಟು," ಎಂದಳು ಹೆಂಡತಿ, ಚೆಲ್ಲಿದ ಕಾಫಿ ಒರೆಸುತ್ತ. "ಅದಿರಲಿ, ನನ್ನ ಬೋರ್ಡ್ ಏನಾಯ್ತು?"

ಆಕೆ ಹದಿನೆಂಟು ವರ್ಷ ಅಡುಗೆಮನೆಯ ಮೂಲೆಯಲ್ಲಿ, ಒಂದು ಕಣ್ಣು ಸೂಜಿಯ ಮೇಲೂ ಇನ್ನೊಂದು ಹಾಲಿನ ಮೇಲೂ ಇಟ್ಟು, ಮಷೀನು ತುಳಿದವಳು. ಈಗಷ್ಟೇ ದೊಡ್ಡ ರಸ್ತೆಯಲ್ಲಿ ಚಿಕ್ಕ ಅಂಗಡಿ ಹಿಡಿದಿದ್ದಳು. ಸೋಮವಾರ ಹತ್ತು ಗಂಟೆಗೆ ದೊಡ್ಡ ಶಾಲೆಯ ಹೆಡ್‌ಮಿಸ್ಸು ಬಂದು ನೋಡಿ, ಒಪ್ಪಿಗೆಯಾದರೆ ನಾನೂರು ಯೂನಿಫಾರಮ್ಮಿನ ಕೆಲಸ ಕೊಡುವವರಿದ್ದರು. ಕೊಟ್ಟರೆ ಅಂಗಡಿ ಉಳಿದೀತು. ಇಲ್ಲವಾದರೆ ಮಷೀನು ಪುನಃ ಒಲೆಯ ಪಕ್ಕಕ್ಕೆ.

"ಬೋರ್ಡ್ ಇಂಗ್ಲಿಷಲ್ಲಿರಲಿ. ನನ್ನ ಇಂಗ್ಲಿಷ್ ಚೆಸ್ಟು-ವೇಸ್ಟಿಗೇ ಮುಗೀತು. ವೇಸ್ಟು ಮಾತ್ರ ಎರಡು ಥರದ್ದೂ ಗೊತ್ತು. ಒಂದನ್ನ ಟೇಪಲ್ಲಿ ಅಳೀತೀನಿ, ಇನ್ನೊಂದನ್ನ ಮದುವೆ ಆಗಿದೀನಿ."

ಅವಮಾನ ನುಂಗಿಕೊಂಡ ಸಾಹೇಬರು ಭಾನುವಾರವಿಡೀ ನಿಘಂಟಿನಲ್ಲಿ ಮುಳುಗಿ, ಬೋರ್ಡ್ ಬರೆಸಿ, ಅಂಗಡಿಯ ಮೇಲೆ ಏರಿಸಿ, ಬೆಡ್‌ಶೀಟ್ ಮುಚ್ಚಿಸಿದರು. ಸೋಮವಾರ ಹತ್ತಕ್ಕೆ ಸರಿಯಾಗಿ ಹೆಡ್‌ಮಿಸ್ಸು ಛತ್ರಿ ಹಿಡಿದು ಬಂದರು. ಸಾಹೇಬರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮಹಾಸ್ಮಾರಕವೊಂದನ್ನು ಲೋಕಾರ್ಪಣೆ ಮಾಡುವ ಗತ್ತಿನಲ್ಲಿ ಬೆಡ್‌ಶೀಟ್ ಎಳೆದರು.

ಹೆಡ್‌ಮಿಸ್ಸು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.

"ಆಫುಲ್ ಅಂಡ್ ಆರ್ಟಿಫಿಶಿಯಲ್. ನಟೋರಿಯಸ್ ಫಾರ್ ಏಜಸ್. ಪ್ರೊಪ್ರೈಟರ್: ಎ ಸಿಲ್ಲಿ ಹಸ್ಸಿ."

"ಎಷ್ಟು ಚೆನ್ನಾಗಿ ಕೇಳಿಸುತ್ತೆ!" ಎಂದಳು ಹೆಂಡತಿ. "ಹಾಗಂದ್ರೇನು ಮಿಸ್?"

"ಘೋರ ಮತ್ತು ನಕಲಿ. ಬಹಳ ಕಾಲದಿಂದ ಕುಖ್ಯಾತಿ. ಮಾಲೀಕಳು ಒಬ್ಬ ಪೆದ್ದು ನಡತೆಗೆಟ್ಟವಳು," ಎಂದರು ಹೆಡ್‌ಮಿಸ್ಸು. "ಅಲ್ಲಮ್ಮಾ, ಇದು ಏನಂಗಡಿ?"

ಹೆಂಡತಿಯ ಕೈಗೆ ಕತ್ತರಿ ಹೇಗೆ ಬಂತೋ ಗೊತ್ತಾಗಲಿಲ್ಲ. ಸಾಹೇಬರು ಕತ್ತರಿಗೂ ತಮಗೂ ನಡುವೆ ನಿಘಂಟನ್ನು ತಂದರು.

"ಮೂಲ ಅರ್ಥ ನೋಡಿ ಮೇಡಂ! ಆಫುಲ್ ಅಂದ್ರೆ ಭಯಭಕ್ತಿ ಹುಟ್ಟಿಸೋಷ್ಟು ಭವ್ಯ. ಆರ್ಟಿಫಿಶಿಯಲ್, ಕುಶಲ ಕೆಲಸ. ನಟೋರಿಯಸ್, ಎಲ್ಲರಿಗೂ ಗೊತ್ತಿರೋವಂಥದ್ದು. ಸಿಲ್ಲಿ ಅಂದ್ರೆ ಧನ್ಯಳು, ಹಸ್ಸಿ ಅಂದ್ರೆ ಮನೆ ನಡೆಸೋ ಗೃಹಿಣಿ! ಇವಳನ್ನ ಇಷ್ಟು ಹೊಗಳಿದ್ದು ಇದೇ ಮೊದಲು."

"ಟೇಲರ್ ಅನ್ನೋ ಪದವೇ ಇಲ್ವಲ್ಲ?"

"ಅದು 'ಟಿ' ಮೇಡಂ. ಇಲಿ ತಿಂದಿದೆ. ಟೇಲರ್ ಅಂದ್ರೆ ಮೂಲದಲ್ಲಿ ಏನಿತ್ತೋ! ಪ್ರಮಾಣವಿಲ್ಲದೆ ಹೇಗೆ ಬರೆಸಲಿ?"

ಹೆಡ್‌ಮಿಸ್ಸು ಒಳಗೆ ಹೋದರು. ಮಾದರಿ ಅಂಗಿಯ ಕಾಲರ್ ಮಗುಚಿದರು, ಹೊಲಿಗೆ ಎಳೆದು ನೋಡಿದರು, ಕಾಜಾ ಎಣಿಸಿದರು.

"ಕೆಲಸ ಅಚ್ಚುಕಟ್ಟು. ನಾನೂರೂ ನೀವೇ ಹೊಲೀರಮ್ಮ," ಎಂದು ಛತ್ರಿ ಬಿಚ್ಚುತ್ತ ಹೊಸ್ತಿಲಲ್ಲಿ ನಿಂತು, ಸಾಹೇಬರತ್ತ ತಿರುಗಿ ಮೋಹಕವಾಗಿ ನಕ್ಕರು. "ಅಂಡ್ ಯು, ಸರ್, ಆರ್ ಎ ವೆರಿ ನೈಸ್ ಮ್ಯಾನ್."

ಸಾಹೇಬರು ಕೈ ಕುಲುಕಿದರು. ಎರಡೂ ಕೈಯಿಂದ. ಹೆಡ್‌ಮಿಸ್ಸು ತಿರುವು ದಾಟುವವರೆಗೂ ಅರಳಿದ ಮುಖದಲ್ಲೇ ನಿಂತಿದ್ದವರು, ಹೆಂಡತಿ ಅಳತೆಯ ಟೇಪನ್ನು ಬಾಯಿಗೆ ತುರುಕಿಕೊಂಡು ನಗುತ್ತಿರುವುದನ್ನು ಕಂಡು ಬಾಡಿದರು.

"ಅವರು... ಈಗಿನ ಅರ್ಥದಲ್ಲೇ ಹೇಳಿರ್ತಾರೆ ಬಿಡೇ. ಕಾಲ ಬದಲಾದ ಹಾಗೆ ಪದಗಳೂ ಬದಲಾಗಬೇಕಪ್ಪ."

"ಓಹೋ!" ಟೇಪು ಹೊರಬಂತು, ಕತ್ತರಿ ಮೇಲೆದ್ದಿತು. "ಹಾಗಾದ್ರೆ ಬೋರ್ಡನ್ನೂ ಈಗಿನ ಅರ್ಥದಲ್ಲೇ ಓದೋಣವಾ? ನಾನು ಏನು ಗೆಟ್ಟವಳು ಅಂದಿರಿ?"

ಸಾಹೇಬರು ಬೋರ್ಡ್ ನೋಡಿದರು, ಕತ್ತರಿ ನೋಡಿದರು, ನಿಘಂಟನ್ನು ಎದೆಗೆ ಒತ್ತಿಕೊಂಡರು.

"ಬೇಡ ಬೇಡ, ಮೂಲ ಅರ್ಥವೇ ಸರಿ. ನಾನು ನೈಸು ಕಣೇ," ಎಂದು ನೈಸಾಗಿ ಒಪ್ಪಿಕೊಂಡರು.

"ವೆರಿ," ಎಂದು ತಿದ್ದಿದಳು ಹೆಂಡತಿ.