ಅತ್ತೆಯ ನಿದ್ದೆ ಮತ್ತು ಖಿದಿರ್‌ಪುರದ ಟ್ರಾಮು

ಕಲ್ಕತ್ತದ ಕಾರ್ಪೊರೇಶನ್ ಚುನಾವಣೆ ನಡೆಯುವುದೇ ತನ್ನ ಹೆಂಡತಿಗೆ ನಿದ್ದೆ ಬರಲಿ ಎಂಬ ಕಾರಣಕ್ಕೆ ಎಂದು ನಂಬಿದ್ದವರು ಆ ಮಹಾನಗರದಲ್ಲಿ ಒಬ್ಬರೇ ಇದ್ದರು. ಅವರು ನನ್ನ ಸೋದರಮಾವ. ಉಳಿದ ಲಕ್ಷಾಂತರ ಜನ ನೀರು, ಚರಂಡಿ, ಕಸ ಎಂದು ಏನೇನೋ ತಪ್ಪು ತಿಳಿದುಕೊಂಡಿದ್ದರು, ಪಾಪ.

ಇದು ಅರವತ್ತರ ದಶಕದ ಕೊನೆಯ ಮಾತು. ಆಗಷ್ಟೇ ರೈಲ್ವೆಯಲ್ಲಿ ಗುಮಾಸ್ತಿಕೆ ಸಿಕ್ಕಿ, ಉಡುಪಿಯಿಂದ ಹೋಗಿ ಖಿದಿರ್‌ಪುರದಲ್ಲಿ ಮಾವನ ಬಾಡಿಗೆ ಮನೆಯಲ್ಲಿ ಉಳಿದುಕೊಂಡಿದ್ದೆ. ಮಾವ ಡಾಲ್‌ಹೌಸಿಯ ಬ್ಯಾಂಕೊಂದರಲ್ಲಿ ಅಧಿಕಾರಿ. ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಹಿಂದಿನ ವರ್ಷ ಅವರ ಎಂಟು ತಿಂಗಳ ಮಗು ಜ್ವರದಲ್ಲಿ ಹೋಯಿತು. ಅದರ ಜೊತೆಗೆ ನಿದ್ದೆಯೂ ಹೋಯಿತು. ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅತ್ತೆಯ ಕಣ್ಣು ಮುಚ್ಚುವ ಜಾಗ ಭೂಮಿಯ ಮೇಲೆ ಒಂದೇ ಉಳಿದಿತ್ತು: ಖಿದಿರ್‌ಪುರದಿಂದ ಎಸ್‌ಪ್ಲನೇಡಿಗೆ ಹೋಗುವ ಟ್ರಾಮು.

ಪ್ರತಿ ಭಾನುವಾರ ಸಂಜೆ ನಾವು ಮೂವರೂ ಅದನ್ನು ಹತ್ತುತ್ತಿದ್ದೆವು, ಅದರಲ್ಲೂ ಎರಡನೇ ದರ್ಜೆಯನ್ನು. ಟ್ರಾಮಿಗೆ ಎರಡು ಡಬ್ಬಿ. ಮುಂದಿನ ಮೊದಲ ದರ್ಜೆಯಲ್ಲಿ ಫ್ಯಾನು ತಿರುಗುತ್ತದೆ, ಹಿಂದಿನದರಲ್ಲಿ ಮರದ ಬೆಂಚು ಮಾತ್ರ. ಆದರೆ ಹಿಂದಿನದು ಹೆಚ್ಚು ತೂಗಾಡುತ್ತದೆ. ಕೋಟು ಹಾಕಿಕೊಂಡ ಬ್ಯಾಂಕ್ ಅಧಿಕಾರಿ ಹಿಂದಿನ ಡಬ್ಬಿಯಲ್ಲಿ ಕೂತಿದ್ದನ್ನು ಒಂದು ಭಾನುವಾರ ಅವರ ಆಫೀಸಿನ ಜವಾನನೇ ಕಂಡ. ಕಂಡು, ಗೌರವದಿಂದ ತಾನೇ ಇಳಿದು ಮುಂದಿನ ಡಬ್ಬಿಗೆ ಹೋಗಿ ಕೂತ!

ಆ ಪ್ರಯಾಣವನ್ನು ನಾನು ಇಂದಿಗೂ ಕನಸಿನಲ್ಲಿ ಮಾಡುತ್ತೇನೆ. ಬಂದರಿನ ಗೋದಾಮು, ಕ್ರೇನು, ಹಡಗಿನ ಕೂಗು ಎಲ್ಲ ಹಿಂದೆ ಬೀಳುತ್ತವೆ. ಸೇತುವೆ ಏರಿ ಇಳಿದು ಹೇಸ್ಟಿಂಗ್ಸ್ ದಾಟಿದರೆ ಮೈದಾನ. ಅಲ್ಲಿ ಹಳಿಗಳು ಹುಲ್ಲಿನೊಳಗೆ ಮುಳುಗಿರುತ್ತವೆ. ಚಳಿಗಾಲದ ಸಂಜೆ ಮಂಜು ಮೊಣಕಾಲೆತ್ತರಕ್ಕೆ ನಿಂತಾಗ, ಒಂದು ಮನೆಯೇ ದೀಪ ಹಚ್ಚಿಕೊಂಡು ಹುಲ್ಲಿನ ಮೇಲೆ ತೇಲುತ್ತಿದೆ ಎನ್ನಿಸುತ್ತಿತ್ತು. ಅತ್ತೆಯ ತಲೆ ಮಾವನ ಹೆಗಲಿಗೆ ಬರುವ ಕ್ಷಣವನ್ನು ನೋಡಬೇಕೆಂದು ಎಷ್ಟೋ ಸಲ ಕಾದಿದ್ದೇನೆ. ಒಮ್ಮೆಯೂ ಸಿಕ್ಕಲಿಲ್ಲ. ಒಮ್ಮೆ ನೋಡಿದರೆ ಹೆಗಲ ಮೇಲೆ ತಲೆ ಇರುತ್ತಿರಲಿಲ್ಲ, ಆಮೇಲೆ ನೋಡಿದರೆ ಇರುತ್ತಿತ್ತು. ಎಸ್‌ಪ್ಲನೇಡ್ ಬಂದಾಗ ಮಾವ ಎಬ್ಬಿಸುತ್ತಿರಲಿಲ್ಲ. ಕಂಡಕ್ಟರ್ ಬಾಯಿಬಿಡದೆ ಇನ್ನೊಂದು ಟಿಕೇಟು ಹರಿದು ಕೊಡುತ್ತಿದ್ದ. ಗಾಡಿ ಅದೇ ದಾರಿಯಲ್ಲಿ ಹಿಂದಕ್ಕೆ ಹೊರಡುತ್ತಿತ್ತು.

ಇಂಥ ಹೊತ್ತಿನಲ್ಲಿ ಚುನಾವಣೆ ಬಂತು. ರಸ್ತೆ ಅಗಲ ಮಾಡುವುದಕ್ಕಾಗಿ ನಮ್ಮ ಗಲ್ಲಿಯ ಬಾಯಲ್ಲಿದ್ದ ಟ್ರಾಮ್ ಸ್ಟಾಪನ್ನು ಸೇತುವೆಯ ಆಚೆಗೆ ಒಯ್ಯುತ್ತಾರೆ ಎಂಬ ಸುದ್ದಿಯೂ ಬಂತು. ಅತ್ತೆಯ ಕಾಲು ಊದಿಕೊಂಡಿತ್ತು. ಸೇತುವೆ ಹತ್ತಿ ಹೋಗುವುದು ಆಗದ ಮಾತು. ಸ್ಟಾಪು ಹೋದರೆ ನಿದ್ದೆ ಹೋಯಿತು. ಮಾವನಿಗೆ ಲೆಕ್ಕ ಇಷ್ಟೇ.

ಮೊದಲು ಬಂದ ಅಭ್ಯರ್ಥಿ ಒಬ್ಬ ವಕೀಲರು.

"ದಾದಾ, ಟ್ರಾಮು ಬಡವರ ರಥ. ನಾನಿರುವವರೆಗೆ ಒಂದು ಸ್ಟಾಪನ್ನೂ ಅಲುಗಾಡಿಸಲು ಬಿಡುವುದಿಲ್ಲ."

"ಬರೆದುಕೊಡಿ," ಎಂದರು ಮಾವ.

ವಕೀಲರು ನಕ್ಕರು. ಮಾವ ನಗಲಿಲ್ಲ. ಕಾಗದ ತಂದರು. ಬ್ಯಾಂಕಿನಲ್ಲಿ ಹೊಸ ಖಾತೆಗೆ ತೆಗೆದುಕೊಳ್ಳುವ ಹಾಗೆ ಮೂರು ಮಾದರಿ ರುಜು ಹಾಕಿಸಿದರು. ಕನ್ನಡಕ ಏರಿಸಿ ನೋಡಿ, "ಎರಡನೆಯದು ಮೊದಲನೆಯದಕ್ಕೆ ಹೋಲುವುದಿಲ್ಲ. ಇನ್ನೊಂದು ಹಾಕಿ," ಎಂದರು.

"ಮೊಶಾಯ್, ನಾನು ಓಟು ಕೇಳಲು ಬಂದೆನೋ, ಖಾತೆ ತೆರೆಯಲು ಬಂದೆನೋ?" ಎನ್ನುತ್ತ ವಕೀಲರು ನಾಲ್ಕನೆಯದನ್ನೂ ಹಾಕಿದರು.

ಎರಡನೆಯವರು ನಮ್ಮ ಪಾಡಾದ, ಅಂದರೆ ನಮ್ಮ ಕೇರಿಯ, ಹೋಮಿಯೋಪತಿ ಡಾಕ್ಟರು. ಅವರು ಸುತ್ತುಬಳಸಲಿಲ್ಲ. "ಸ್ಟಾಪು ಹೋಗಬೇಕು ದಾದಾ. ರಸ್ತೆ ಅಗಲ ಆಗಬೇಕು. ಇಲ್ಲಿ ಆಂಬುಲೆನ್ಸು ಟ್ರಾಮಿನ ಹಿಂದೆ ಸಿಕ್ಕಿಕೊಂಡರೆ ಅರ್ಧ ಗಂಟೆ ಅಲುಗುವುದಿಲ್ಲ," ಎಂದರು.

ಅತ್ತೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ನಾನೇ ಎದ್ದು ತಟ್ಟೆ ತೆಗೆದುಕೊಂಡೆ.

"ಬೌದಿಗೆ ನಿದ್ದೆ ಇಲ್ಲವಂತೆ. ಗುಳಿಗೆ ಕೊಡಲೇ?" ಎಂದರು ಡಾಕ್ಟರು, ಅತ್ತೆಯ ಕಡೆ ನೋಡಿ.

"ಗುಳಿಗೆ ನೀವೇ ನುಂಗಿ. ನಮಗೆ ಸ್ಟಾಪು ಸಾಕು," ಎಂದರು ಮಾವ.

ಮುಂದಿನ ಮೂರು ವಾರ ಮಾವ ವಕೀಲರಿಗೇ ಓಟು ಹಾಕಿ ಎಂದು ಕರಪತ್ರ ಹಂಚಿದರು. ಅದನ್ನು ಬಂಗಾಳಿಗೆ ತಿರುಗಿಸಿಕೊಟ್ಟವರು ಪಕ್ಕದ ಮನೆಯ ಮೇಷ್ಟ್ರು. ಮಾವನ ಒಂಬತ್ತು ಪುಟವನ್ನು ಅವರು ಒಂದು ಪುಟಕ್ಕೆ ಇಳಿಸಿದ್ದಕ್ಕೆ ಪಾಡಾದ ಜನ ಅವರಿಗೆ ಋಣಿಯಾಗಿದ್ದರು. ಮಾವನಿಗೆ 'ಟ್ರಾಮ್‌ಬಾಬು' ಎಂಬ ಹೆಸರು ಬಿತ್ತು. ಟ್ರಾಮು ಕಾರ್ಪೊರೇಶನ್ನಿನ ಕೈಯಲ್ಲೇ ಇಲ್ಲ ಎಂದು ನಾನು ಒಮ್ಮೆ ಮೆಲ್ಲಗೆ ಹೇಳಿದೆ.

"ಹಳಿ ಯಾರದ್ದಾದರೂ ಆಗಲಿ ಮಾರಾಯ, ಹಳಿಯ ಪಕ್ಕದ ಹೊಂಡ ಯಾರದ್ದು?" ಎಂದರು.

ಮತದಾನದ ದಿನ ಮೂವರೂ ಶಾಲೆಗೆ ಹೋದೆವು. ನನಗೆ ಓಟು ಇನ್ನೂ ಉಡುಪಿಯಲ್ಲಿತ್ತು. ನಾನು ಅತ್ತೆಗೆ ಕೈ ಕೊಡಲು ಹೋದವನು. ಅಧಿಕಾರಿ ಪಟ್ಟಿಯನ್ನು ಎರಡು ಸಲ ತಿರುವಿ ಹಾಕಿದ. ಅತ್ತೆಯ ಹೆಸರಿತ್ತು. ಮಾವನದು ಇರಲಿಲ್ಲ.

ತಪ್ಪು ಯಾರದು? ಪಟ್ಟಿಗೆ ಹೆಸರು ಸೇರಿಸಲು ಬಂದಿದ್ದ ಮನುಷ್ಯ ಮಾವನ ಫಾರಮಿನಲ್ಲಿ ಮನೆ ನಂಬರನ್ನು ಹೊಡೆದು ತಿದ್ದಿದ್ದ. ತಿದ್ದಿದ ಕಡೆ ಪೂರ್ತಿ ರುಜು ಇಲ್ಲದ ಕಾಗದವನ್ನು ಯಾವ ಬ್ಯಾಂಕಿನವರು ಒಪ್ಪುತ್ತಾರೆ? ಮಾವ ಮೂರು ಸಲ ಹೊಸ ಫಾರಮು ತರಿಸಿದರು. ನಾಲ್ಕನೆಯ ಸಲ ಆ ಮನುಷ್ಯ ಬರಲೇ ಇಲ್ಲ. ಅತ್ತೆ ತನ್ನ ಫಾರಮಿಗೆ ಮೊದಲ ದಿನವೇ, ಮಾವ ಸ್ನಾನಕ್ಕೆ ಹೋಗಿದ್ದಾಗ, ರುಜು ಹಾಕಿ ಕೊಟ್ಟುಬಿಟ್ಟಿದ್ದರು.

ಹೊರಗೆ ಯಾರೋ, "ಟ್ರಾಮ್‌ಬಾಬುವಿಗೆ ಸೀಟು ಸಿಗಲಿಲ್ಲ," ಎಂದರು. ಮಾವ ಗೋಡೆಗೆ ಒರಗಿದರು.

"ಯಾರಿಗೆ ಹಾಕುವುದು?" ಎಂದು ಅತ್ತೆ ಕೇಳಿದರು.

ಮೂರು ವಾರ ಊರಿಗೆಲ್ಲ ಹೇಳಿದವರು ಈಗ ತಲೆಯಾಡಿಸಿದರು. "ಇಲ್ಲಿ ನಾನು ಹೇಳ್ಲಿಕ್ಕಿಲ್ಲ. ಓಟು ಗುಪ್ತ."

ಅತ್ತೆ ಹೋಗಿ ಬಂದರು.

"ಯಾರಿಗೆ ಹಾಕಿದ್ದು?" ಎಂದರು ಮಾವ.

"ಗುಪ್ತ ಅಲ್ವಾ?" ಎಂದರು ಅತ್ತೆ. ಆ ವರ್ಷ ಅವರ ಮುಖದಲ್ಲಿ ನಾನು ಕಂಡ ಒಂದೇ ಒಂದು ನಗು ಅದು.

ಡಾಕ್ಟರು ಗೆದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಸ್ಟಾಪಿನ ಕಂಬ ಸೇತುವೆಯ ಆಚೆ ಹೋಯಿತು. ಭಾನುವಾರದ ಪ್ರಯಾಣ ನಿಂತಿತು. ಮಾವ ಆ ವಕೀಲರ ನಾಲ್ಕು ರುಜುವಿನ ಕಾಗದವನ್ನು ಪಂಚಾಂಗದೊಳಗೆ ಇಟ್ಟರು. ಅತ್ತೆಯ ಕಣ್ಣ ಕೆಳಗಿನ ಕಪ್ಪು ಮತ್ತೆ ದಟ್ಟವಾಗತೊಡಗಿತು.

ಇನ್ನು ಮುಂದೆ ನಾನು ನೋಡಿದ್ದಷ್ಟನ್ನೇ ಬರೆಯುತ್ತೇನೆ. ಒಂದು ಭಾನುವಾರ ಸಂಜೆ ನಾನು ಬೇಗ ಮನೆಗೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗಂಟೆ ಕೇಳಿಸಿತು, ಟಿಣ್ ಟಿಣ್. ಪೂಜೆಯ ಹೊತ್ತಲ್ಲವಲ್ಲ ಎಂದುಕೊಂಡು ಇಣುಕಿದೆ.

ಅತ್ತೆ ತೂಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮಾವ ಹಿಂದೆ ನಿಂತು ಒಂದು ಕೈಯಲ್ಲಿ ಕುರ್ಚಿ ತೂಗುತ್ತಿದ್ದರು. ಇನ್ನೊಂದು ಕೈಯಲ್ಲಿ ದೇವರ ಕೋಣೆಯ ಗಂಟೆ. ಮೈಮೇಲೆ ಕೋಟು.

"ಖಿದಿರ್‌ಪುರ," ಎಂದರು ಮಾವ, ಮೆಲ್ಲಗೆ. ಟಿಣ್ ಟಿಣ್. "ಸೇತುವೆ."

ಅತ್ತೆ ಕಣ್ಣು ತೆರೆಯದೆ ಹೇಳಿದರು. "ನಾನು ಡಾಕ್ಟರಿಗೇ ಹಾಕಿದ್ದು."

ಕುರ್ಚಿ ನಿಂತಿತು.

"ಆ ದಿವಸ ಮಗುವನ್ನು ಎತ್ತಿಕೊಂಡು ಕೂತಿದ್ದೆ. ಆಂಬುಲೆನ್ಸು ಟ್ರಾಮಿನ ಹಿಂದೆಯೇ ಉಳಿಯಿತು. ನಮ್ಮದು ಆಯ್ತು. ಇನ್ನೊಬ್ಬರದ್ದು ಆಗುವುದು ಬೇಡ ಅಂತ."

"ಗೊತ್ತುಂಟು," ಎಂದರು ಮಾವ.

ಕುರ್ಚಿ ಮತ್ತೆ ತೂಗಿತು. ಟಿಣ್ ಟಿಣ್. "ಹೇಸ್ಟಿಂಗ್ಸ್." ಟಿಣ್ ಟಿಣ್. "ಮೈದಾನ." ಅತ್ತೆಯ ತಲೆ ಒಂದು ಬದಿಗೆ ವಾಲಿತು. ಆ ಕ್ಷಣವನ್ನು ಅಂದು ನಾನು ಕಂಡೆ. ಬಾಗಿಲ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ.

ಎಸ್‌ಪ್ಲನೇಡ್ ಬಂತು. ಮಾವ ಗಂಟೆ ಬಾರಿಸಲಿಲ್ಲ. ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡು, ಉಸಿರಿನಷ್ಟು ದನಿಯಲ್ಲಿ, "ಮೈದಾನ," ಎಂದರು. ಗಾಡಿ ಹಿಂದಕ್ಕೆ ಹೊರಟಿತು.