ಕಾಲುಂಗುರದ ಬೆರಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಯಾವ ಮಾತ್ರೆಗೂ ಜಗ್ಗದ ಕೀವುಗಾಯ ಯಾಕೆ ಹೆಚ್ಚುತ್ತಿದೆ ಎಂದು ನಮ್ಮ ಡಾಕ್ಟರ್ ಮೇಡಂ ಸಂಶೋಧನೆ ನಡೆಸುತ್ತಿದ್ದರು. ರೋಗಾಣುಗಳು ಬಲು ಹಟಮಾರಿಗಳು ಎನ್ನುತ್ತಿದ್ದರು. ರೋಗಾಣುಗಳಾದರೂ ವಾಸಿ, ನಮ್ಮ ಜನರದ್ದು ವಾರಕ್ಕೊಂದು ಫಜೀತಿ.

೧

ರೋಗಿಗಳು ಮೊದಲು ಯಾವ ಮಾತ್ರೆ ನುಂಗಿದ್ದರು ಎಂದು ಕೇಳಿ ಫಾರಂ ತುಂಬುವುದು ನನ್ನ ಕೆಲಸ. ಕುಣಿಗಲ್‌ನ ಮೇಷ್ಟ್ರೊಬ್ಬರನ್ನು ಕೇಳಿದೆ.

"ನಮ್ಮನೆಯವ್ಳಿಗೆ ಬರೆದಿದ್ದನ್ನ ನಾನು ನುಂಗ್ದೆ. ಅವ್ಳ ಡಾಕ್ಟ್ರು ಫಾರಿನ್ನಲ್ಲಿ ಓದಿದೋರು ಕಣಪ್ಪ."

"ಮತ್ತೆ ನಿಮಗೆ ಬರೆದಿದ್ದು?"

"ಸುಮ್ನೆ ಹಾಳಾಗ್ಬಾರ್ದು ಅಂತ ಅದನ್ನ ಅವ್ಳು ಮುಗಿಸಿದ್ಲು."

೨

ಗುಬ್ಬಿ ಕಡೆಯ ಹಳ್ಳಿಯಿಂದ ಒಬ್ಬರು ಬರುತ್ತಿದ್ದರು. ನಾವು ಗುಬ್ಬಿಯಮ್ಮ ಎನ್ನುತ್ತಿದ್ದೆವು. ಸಕ್ಕರೆ ಕಾಯಿಲೆ, ಕಾಲುಂಗುರದ ಬೆರಳಿಗೆ ಗಾಯವಾಗಿ ಮೂರು ತಿಂಗಳಾದರೂ ಮಾಯ್ದಿರಲಿಲ್ಲ. ಇನ್ನು ಸ್ವಲ್ಪ ದಿನ ನೋಡಿ ಬೆರಳು ತೆಗೆಯುತ್ತೇವೆ ಎಂದಿದ್ದರು ಸರ್ಜನ್.

"ಬೆರಳು ಹೋದ್ರೆ ಉಂಗುರ ಎಲ್ಲಿಗೆ ಹಾಕ್ಕಳ್ಳಿ ಕಣವ್ವಾ?" ಎಂದು ಗುಬ್ಬಿಯಮ್ಮ ಮೇಡಂ ಮುಂದೆ ಅತ್ತಿದ್ದರು.

ಮೇಡಂ ಕೀವಿನ ರೋಗಾಣುವನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಲು ಇಟ್ಟರು. ಯಾವ ಔಷಧಿಗೆ ರೋಗಾಣು ಸಾಯುತ್ತದೆಂದು ಅದರಲ್ಲಿ ತಿಳಿಯುತ್ತದೆ. ಮರುದಿನ ನೋಡಿದರೆ ತಟ್ಟೆಗಳೆಲ್ಲ ಫಳಫಳ.

ಹೊಸದಾಗಿ ಸೇರಿದ ಆಯಾ ಹೇಳಿದಳು: "ಎಲ್ಲಾ ಬೂಷ್ಟು ಹಿಡಿದಿತ್ತು ಮೇಡಂ. ಓದಿದೋರು ತಟ್ಟೆ ಹಿಂಗಾ ಇಟ್ಕಳ್ಳದು? ಬೂದಿ ಹಾಕಿ ತಿಕ್ಕಿದೀನಿ."

೩

ಮತ್ತೆ ಕೀವು ತರಲು ನಾನು ಗುಬ್ಬಿ ಬಸ್ಸು ಹತ್ತಿದೆ. ಗುಬ್ಬಿಯಮ್ಮ ಒಂದು ಡಬ್ಬಿ ತೋರಿಸಿದರು. ಒಳಗೆ ಗಾಯಕ್ಕೆಂದು ಮೊದಲು ಬರೆದುಕೊಟ್ಟಿದ್ದ ಹಳೆಯ ಕೆಂಪು-ಕಪ್ಪು ಕ್ಯಾಪ್ಸೂಲುಗಳು.

"ಇಷ್ಟೊಂದು ಉಳಿದಿವೆಯಲ್ಲಮ್ಮ!"

"ನೋವು ನಿಂತ್ಮೇಲೆ ಯಾಕಪ್ಪ ನುಂಗ್ಲಿ? ನಾಕು ಜನಕ್ಕೆ ಆಯ್ತದೆ ಅಂತ ಎತ್ತಿಟ್ಟೆ. ಕೋಳಿ ಕಾಲು ಊದಿತ್ತು, ಒಂದು ಬಿಚ್ಚಿ ಪುಡಿ ಹಾಕ್ದೆ."

ಡಬ್ಬಿ ಕೇಳಿದೆ, ಕೊಡಲಿಲ್ಲ. ಆ ಔಷಧಿಯಿಂದ ವಾಸಿಯಾದವರಲ್ಲಿ ನಾನು ಕಣ್ಣಾರೆ ಕಂಡದ್ದು ಆ ಕೋಳಿಯನ್ನು ಮಾತ್ರ.

೪

ಈ ಸಲ ತಟ್ಟೆಗೆ ಮೇಡಂ ತಾವೇ ಕಾವಲು ಕೂತರು. ಇಟ್ಟ ಔಷಧಿಗಳಲ್ಲಿ ಒಂದೇ ಒಂದು ಕೆಲಸ ಮಾಡಿತ್ತು. ಇದನ್ನೂ ಈಯಮ್ಮ ಅರ್ಧಕ್ಕೆ ಬಿಟ್ಟರೆ ಬೆರಳು ಉಳಿಯುವುದಿಲ್ಲ. ಮೇಡಂ ಯೋಚಿಸಿ ಹೇಳಿದರು: "ಇದು ವ್ರತ ಇದ್ದಂಗೆ ಅಮ್ಮ. ಹದಿನಾಲ್ಕು ದಿನ. ಮಧ್ಯೆ ಬಿಟ್ರೆ ಫಲ ಇಲ್ಲ. ಇದನ್ನ ಯಾರಿಗೂ ಕೊಡಂಗಿಲ್ಲ."

ಹದಿನೈದನೇ ದಿನಕ್ಕೆ ಗಾಯ ಮಾಯುತ್ತಾ ಬಂದಿತ್ತು. ಇನ್ನೊಂದು ತಿಂಗಳಿಗೆ ಗುಬ್ಬಿಯಮ್ಮ ಅರಿಶಿನ ಕುಂಕುಮ ಇಟ್ಟುಕೊಂಡು, ಕುಂಟದೆ ನಡೆದು ಆಸ್ಪತ್ರೆಯೊಳಗೆ ಬಂದರು. ಬೆರಳಿತ್ತು, ಬೆರಳಲ್ಲಿ ಉಂಗುರವೂ ಇತ್ತು. ನನಗೆ ಕಣ್ಣು ತುಂಬಿ ಬಂತು. ಗುಬ್ಬಿಯಮ್ಮ ಮೇಡಂ ಮುಂದೆ ತಾಂಬೂಲ ಹಿಡಿದರು.

"ಉದ್ಯಾಪನೆ ಮಾಡ್ದೆ ವ್ರತ ಮುಗೀತದಾ? ಬೆಳಗ್ಗೆ ನಾಕು ಜನ ಮುತ್ತೈದೇರಿಗೆ ಕೊಟ್ಟು ಬಂದೆ. ಐದ್ನೇಯೋರು ನೀವು."

ಮೇಡಂ ಸೆರಗೊಡ್ಡಿ ತೆಗೆದುಕೊಂಡರು. ಎಲೆ, ಅಡಿಕೆ, ಬಾಳೆಹಣ್ಣು. ಹಣ್ಣಿನ ಪಕ್ಕ ಒಂದು ಕೆಂಪು-ಕಪ್ಪು ಕ್ಯಾಪ್ಸೂಲು.

"ನೀವು ಬರೆದಿದ್ದು ಯಾರಿಗೂ ಕೊಟ್ಟಿಲ್ಲ ಕಣವ್ವ. ಇವು ಡಬ್ಬೀಲಿದ್ದ ಹಳೇವು. ಸರಿಯಾಗಿ ಐದೇ ಉಳ್ದಿದ್ವು."

ಮೇಡಂ ನನ್ನ ಮುಖ ನೋಡಿದರು. ಉಳಿದ ನಾಲ್ಕನ್ನು ವಾಪಸ್ ತರಲು ನಾನು ಬ್ಯಾಗು ಎತ್ತಿಕೊಂಡೆ.

"ಎಲ್ಲಿಗಪ್ಪಾ?" ಎಂದರು ಗುಬ್ಬಿಯಮ್ಮ. "ಪ್ರಸಾದ ಯಾರಾದ್ರೂ ಮನೇಲಿ ಇಟ್ಕತಾರಾ? ಅಲ್ಲೇ ಕಣ್ಗೊತ್ಕಂಡು ನುಂಗಿದ್ರು!"